ಮನೆಯೊಳಗೆ ಫಿಲೊಡೆಂಡ್ರಾನ್ ಗಿಡದ ಪಾಲನೆ: ಸಾರ್ವಜನಿಕರಿಗೆ ಮಾಹಿತಿ

ನಗರ ಪ್ರದೇಶಗಳಲ್ಲಿ ಅಂಗಳವಿಲ್ಲದ ಮನೆಗಳು ಹೆಚ್ಚಾಗಿರುವುದರಿಂದ, ಮನೆಯೊಳಗೆ ಕುಂಡಗಳಲ್ಲಿ ಬೆಳೆಸಬಹುದಾದ ಅಲಂಕಾರಿಕ ಸಸ್ಯಗಳಿಗೆ ಬೇಡಿಕೆ ಇರುತ್ತದೆ. ಇಂತಹ ಸಸ್ಯಗಳ ಪೈಕಿ ಫಿಲೊಡೆಂಡ್ರಾನ್ ಅಲ್ಪ ಆರೈಕೆಯಲ್ಲಿಯೂ ಬಾಳುವಂತಹುದು. ಆದರೆ ಇದರ ಎಲೆ, ಕಾಂಡಗಳನ್ನು ಅಗಿದರೆ ಮಕ್ಕಳಿಗೂ ಸಾಕುಪ್ರಾಣಿಗಳಿಗೂ ತೊಂದರೆಯುಂಟಾಗುತ್ತದೆ. ಆದುದರಿಂದ ಗಿಡವನ್ನು ಪಡೆಯಲಿಚ್ಛಿಸುವ ನಾಗರಿಕರು ಕೆಳಕಂಡ ಮಾಹಿತಿಯನ್ನು, ವಿಶೇಷವಾಗಿ 2 ಮತ್ತು 6ನೇ ಅಂಶಗಳನ್ನು, ಮುಂಚಿತವಾಗಿ ಓದಿಕೊಳ್ಳುವುದು ಸೂಕ್ತ.

1. ಸಸ್ಯ ಪರಿಚಯ

ಫಿಲೊಡೆಂಡ್ರಾನ್ ಅಮೆರಿಕ ಖಂಡದ ಉಷ್ಣವಲಯದ ಕಾಡುಗಳಿಗೆ ಸೇರಿದ ಸಸ್ಯಕುಲ. 500ಕ್ಕೂ ಹೆಚ್ಚು ಪ್ರಭೇದಗಳುಳ್ಳ ಈ ಕುಲವನ್ನು ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹೈನ್ರಿಷ್ ವಿಲ್ಹೆಲ್ಮ್ ಷಾಟ್ 1829ರಲ್ಲಿ ವಿವರಿಸಿದರು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ 'ಮರವನ್ನು ಪ್ರೀತಿಸುವುದು' ಎಂಬ ಅರ್ಥವಿದೆ. ಅನೇಕ ಪ್ರಭೇದಗಳು ಬಿಳಲುಗಳ ನೆರವಿನಿಂದ ಮರವನ್ನೇರಿ, ಅದರ ನೆರಳಿನಲ್ಲಿಯೇ ಬೆಳೆಯುತ್ತವೆ. ಮನೆಯೊಳಗಿನ ಮಂದ ಬೆಳಕಿಗೆ ಇವು ಹೊಂದಿಕೊಳ್ಳಲು ಇದೇ ಕಾರಣ.

ಸಾಮಾನ್ಯವಾಗಿ ಬೆಳೆಸಲಾಗುವುದು ಹೃದಯಾಕಾರದ ಎಲೆಯ ಬಳ್ಳಿ ಜಾತಿ (ಫಿಲೊಡೆಂಡ್ರಾನ್ ಹೆಡರೇಸಿಯಮ್). ಬಳ್ಳಿಯಾಗದೆ ಪೊದೆಯಂತೆ ಬೆಳೆಯುವ 'ಕ್ಸನಡು' ಮತ್ತು 'ಸೆಲೋಮ್' ಗಿಡಗಳನ್ನು ಸಸ್ಯಶಾಸ್ತ್ರಜ್ಞರು 2018ರಲ್ಲಿ ಥಾಮಟೊಫಿಲಮ್ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ಸಸ್ಯ ಮಾರಾಟಗಾರರು ಅವುಗಳನ್ನು ಹಳೆಯ ಹೆಸರಿನಿಂದಲೂ ಕರೆಯುವುದುಂಟು.

ಮನಿಪ್ಲಾಂಟ್ ಬೇರೆ ಸಸ್ಯ. ಎರಡೂ ಒಂದೇ ಕುಟುಂಬದವು. ಫಿಲೊಡೆಂಡ್ರಾನ್‌ನ ಹೊಸ ಎಲೆಯು ತೆಳುವಾದ ಹೊದಿಕೆಯೊಳಗಿಂದ ಹೊರಬರುತ್ತದೆ. ಎಲೆ ಬಿಚ್ಚಿದ ನಂತರ ಆ ಹೊದಿಕೆ ಒಣಗುತ್ತದೆ. ಮನಿಪ್ಲಾಂಟ್‌ನಲ್ಲಿ ಈ ಹೊದಿಕೆ ಇರುವುದಿಲ್ಲ.

2. ಸುರಕ್ಷತೆ (ಕಡ್ಡಾಯವಾಗಿ ಗಮನಿಸುವುದು)

ಈ ಗಿಡದ ಎಲ್ಲ ಭಾಗಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಾಕಾರದ ಹರಳುಗಳಿರುತ್ತವೆ. ನಮ್ಮ ಅಡುಗೆಗೆ ಪರಿಚಿತವಾದ ಕೆಸು ಮತ್ತು ಸುವರ್ಣಗಡ್ಡೆ ಇದೇ ಕುಟುಂಬದವು. ಸರಿಯಾಗಿ ಬೇಯಿಸದಿದ್ದರೆ ಅವು ಗಂಟಲು ಕೆರೆಯಲು ಕಾರಣವೂ ಈ ಹರಳುಗಳೇ. ಕೆಸುವಿನಂತೆ ಫಿಲೊಡೆಂಡ್ರಾನ್ ಅನ್ನು ಬೇಯಿಸಿಯೂ ಸೇವಿಸತಕ್ಕದ್ದಲ್ಲ.

ಎಲೆಯನ್ನು ಅಗಿದಲ್ಲಿ ಬಾಯಿ ಉರಿ, ಜೊಲ್ಲು ಸುರಿಯುವಿಕೆ, ತುಟಿ ಮತ್ತು ನಾಲಿಗೆ ಊತ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ:

- ಬಾಯಿಯಲ್ಲಿ ಉಳಿದ ಎಲೆಯ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು, ಬಾಯಿ ಮುಕ್ಕಳಿಸಿಸುವುದು.
- ವಾಂತಿ ಮಾಡಿಸಲು ಪ್ರಯತ್ನಿಸಬಾರದು.
- ರಸವು ಕಣ್ಣಿಗೆ ತಾಗಿದ್ದರೆ 15 ನಿಮಿಷಗಳ ಕಾಲ ಶುದ್ಧ ನೀರಿನಿಂದ ತೊಳೆದು, ವೈದ್ಯರಿಗೆ ತೋರಿಸುವುದು.
- ನುಂಗಲು ಅಥವಾ ಉಸಿರಾಡಲು ಕಷ್ಟವಾದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯುವುದು. ಆಂಬುಲೆನ್ಸ್ ಸೇವೆಗೆ 108ಕ್ಕೆ ಕರೆ ಮಾಡಬಹುದು.

ನಾಯಿ, ಬೆಕ್ಕುಗಳು ಅಗಿದಲ್ಲಿ ಪಶುವೈದ್ಯರನ್ನು ಸಂಪರ್ಕಿಸುವುದು. ತೆವಳುವ ಮಗುವಿರುವ ಮನೆಯಲ್ಲಿ ಕುಂಡವನ್ನು ನೆಲದ ಮೇಲೆ ಇರಿಸಬಾರದು. ಎತ್ತರದಲ್ಲಿ ತೂಗುಹಾಕಿದರೂ ಬಳ್ಳಿಯ ತುದಿ ಕೈಗೆ ಎಟುಕದಂತೆ ಆಗಾಗ ಕತ್ತರಿಸುವುದು. ಬೆಕ್ಕು ಎತ್ತರವನ್ನೂ ಏರುವುದರಿಂದ, ಎಲೆ ಕಚ್ಚುವ ಬೆಕ್ಕಿರುವ ಮನೆಯಲ್ಲಿ ಈ ಗಿಡವನ್ನು ಇರಿಸದಿರುವುದೇ ಲೇಸು. ಗಿಡ ಕತ್ತರಿಸಿದ ನಂತರ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು.

3. ಸ್ಥಳ ಮತ್ತು ಬೆಳಕು

ಪೂರ್ವ ಅಥವಾ ಉತ್ತರ ದಿಕ್ಕಿನ ಕಿಟಕಿಯ ಸಮೀಪ, ನೇರ ಬಿಸಿಲು ತಾಗದ ಬೆಳಕಿನಲ್ಲಿ ಇರಿಸುವುದು. ನಡುಹಗಲಿನ ಬಿಸಿಲು ಎಲೆಗಳನ್ನು ಸುಡುತ್ತದೆ. ಬೆಳಕು ತೀರಾ ಕಡಿಮೆಯಾದರೆ ಗೆಣ್ಣುಗಳ ಅಂತರ ಹೆಚ್ಚಿ, ಎಲೆಗಳು ಚಿಕ್ಕದಾಗುತ್ತವೆ. 18ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇದಕ್ಕೆ ಹಿತಕರ. ಕಲಬುರಗಿ, ರಾಯಚೂರಿನಂತಹ ಜಿಲ್ಲೆಗಳ ಬೇಸಿಗೆಯಲ್ಲಿ ಪಶ್ಚಿಮದ ಕಿಟಕಿಯಿಂದ ದೂರವಿರಿಸಿ, ಹಲವು ಕುಂಡಗಳನ್ನು ಒತ್ತಾಗಿ ಜೋಡಿಸಿದರೆ ಗಿಡಗಳ ಸುತ್ತ ತೇವಾಂಶ ಸ್ವಲ್ಪ ಉಳಿಯುತ್ತದೆ. ಹವಾನಿಯಂತ್ರಕದ ಗಾಳಿ ನೇರವಾಗಿ ಬೀಸುವಲ್ಲಿ ಇಡಬಾರದು.

4. ಕುಂಡ, ಮಣ್ಣು ಮತ್ತು ಗೊಬ್ಬರ

ತಳದಲ್ಲಿ ರಂಧ್ರವಿರುವ ಕುಂಡವನ್ನೇ ಬಳಸುವುದು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರವನ್ನು ಸಮ ಪ್ರಮಾಣದಲ್ಲಿ ಬೆರೆಸಿ, ನೀರು ಬಸಿಯಲು ಒಂದು ಹಿಡಿ ದಪ್ಪ ಮರಳು ಅಥವಾ ಇದ್ದಿಲಿನ ಚೂರನ್ನು ಸೇರಿಸಬಹುದು. ಜಿಗುಟಾದ ಎರೆಮಣ್ಣು ಸೂಕ್ತವಲ್ಲ. ಬಳ್ಳಿಗೆ ತೆಂಗಿನ ನಾರು ಸುತ್ತಿದ ಕೋಲನ್ನು ಊರುಗೋಲಾಗಿ ಕೊಟ್ಟರೆ ಎಲೆಗಳು ದೊಡ್ಡದಾಗಿ ಬೆಳೆಯುತ್ತವೆ.

ಬೆಳವಣಿಗೆಯ ಕಾಲದಲ್ಲಿ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ, ಇಲ್ಲವೇ ಲೀಟರ್ ನೀರಿಗೆ 1 ಗ್ರಾಂ ಪ್ರಮಾಣದಲ್ಲಿ 19:19:19 ಗೊಬ್ಬರದ ದ್ರಾವಣವನ್ನು ಕೊಡುವುದು. ಬೇರುಗಳು ಕುಂಡದ ರಂಧ್ರದಿಂದ ಹೊರಬಂದಾಗ ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಾಯಿಸುವುದು.

5. ನೀರುಣಿಸುವಿಕೆ

ಮನೆಯೊಳಗಿನ ಗಿಡಗಳು ಹೆಚ್ಚಾಗಿ ಸಾಯುವುದು ನೀರಿನ ಕೊರತೆಯಿಂದಲ್ಲ, ಅತಿಯಾದ ನೀರಿನಿಂದ. ಸದಾ ಹಸಿಯಾಗಿರುವ ಮಣ್ಣಿನಲ್ಲಿ ಬೇರುಗಳಿಗೆ ಗಾಳಿ ದೊರೆಯದೆ ಕೊಳೆಯುತ್ತವೆ. ವಾರಕ್ಕೆ ಇಷ್ಟು ಬಾರಿ ಎಂಬ ನಿಯಮ ಪಾಲಿಸುವ ಬದಲು, ಬೆರಳನ್ನು ಒಂದು ಅಂಗುಲ ಆಳಕ್ಕೆ ಇಳಿಸಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ರಂಧ್ರದಿಂದ ಬಸಿಯುವವರೆಗೆ ನೀರು ಹಾಕುವುದು. ಮಳೆಗಾಲ ಮತ್ತು ಚಳಿಗಾಲದಲ್ಲಿ ನೀರಿನ ಅಗತ್ಯ ಕಡಿಮೆ. ಗಡಸಾದ ಕೊಳವೆಬಾವಿ ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿದರೆ, ಮಳೆನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಬಹುದು.

6. ಸೊಳ್ಳೆ ಉತ್ಪತ್ತಿ ತಡೆ

ಕುಂಡದ ಕೆಳಗಿನ ತಟ್ಟೆ ಹಾಗೂ ಬಳ್ಳಿಯಿಟ್ಟ ನೀರಿನ ಬಾಟಲಿಗಳಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವವರಿಗೆ ದಂಡ ವಿಧಿಸುವ ನಿಯಮವನ್ನು ತಂದಿತು. ತಟ್ಟೆಯ ನೀರನ್ನು ಆಗಲೇ ಚೆಲ್ಲುವುದು; ಬಾಟಲಿಯ ನೀರನ್ನು ವಾರಕ್ಕೊಮ್ಮೆಯಾದರೂ ಬದಲಿಸಿ, ಒಳಬದಿಯನ್ನು ಉಜ್ಜಿ ತೊಳೆಯುವುದು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು.

7. ಸಸ್ಯಾಭಿವೃದ್ಧಿ

ಒಂದೆರಡು ಗೆಣ್ಣುಗಳಿರುವ ಬಳ್ಳಿಯ ತುಂಡನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಗೆಣ್ಣು ಮುಚ್ಚುವಂತೆ ತೇವವಿರುವ ಮಿಶ್ರಣದಲ್ಲಿ ನೆಡುವುದು. ಕೆಲವು ವಾರಗಳಲ್ಲಿ ಬೇರು ಮೂಡುತ್ತದೆ. ಗೆಣ್ಣಿಲ್ಲದ ಬರಿಯ ಎಲೆಯಿಂದ ಹೊಸ ಗಿಡ ಬರುವುದಿಲ್ಲ.

8. ತೊಂದರೆಗಳು ಮತ್ತು ಪರಿಹಾರ

- ಕೆಳಗಿನ ಹಲವು ಎಲೆಗಳು ಒಮ್ಮೆಗೇ ಹಳದಿಯಾಗುವಿಕೆ: ಅತಿಯಾದ ನೀರು. ಕಪ್ಪಾದ, ಮೆತ್ತಗಿನ ಬೇರುಗಳನ್ನು ಕತ್ತರಿಸಿ ಹೊಸ ಮಿಶ್ರಣದಲ್ಲಿ ನೆಡುವುದು. ಹಳೆಯ ಎಲೆಯೊಂದು ಆಗಾಗ ಹಣ್ಣಾಗುವುದು ಸಹಜ.
- ಎಲೆಯ ಅಂಚು ಕಂದಾಗುವಿಕೆ: ಒಣ ಗಾಳಿ, ನೀರಿನ ಕೊರತೆ ಅಥವಾ ಉಪ್ಪಿನ ಶೇಖರಣೆ.
- ಹತ್ತಿಯಂತಹ ಬಿಳಿ ಮುದ್ದೆಗಳು: ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಕೆಲವು ಹನಿ ಸಾಬೂನು ದ್ರಾವಣ ಬೆರೆಸಿ ಸಂಜೆ ಸಿಂಪಡಿಸುವುದು.

9. ಗಾಳಿ ಶುದ್ಧೀಕರಣದ ಬಗ್ಗೆ

ಕುಂಡದ ಗಿಡಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂಬ ಪ್ರಚಾರಕ್ಕೆ ಮುಖ್ಯ ಆಧಾರ, ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆದ ಪ್ರಯೋಗಗಳನ್ನು ಕುರಿತ 1989ರ ನಾಸಾ ವರದಿ. ಇಂತಹ ಪ್ರಯೋಗಗಳ ಫಲಿತಾಂಶಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವು, ಸಾಮಾನ್ಯ ಕೊಠಡಿಯಲ್ಲಿ ಈ ಪರಿಣಾಮ ನಗಣ್ಯವೆಂದು ತಿಳಿಸಿದೆ. ಶುದ್ಧ ಗಾಳಿಗೆ ಕಿಟಕಿ ತೆರೆಯುವುದೇ ಉತ್ತಮ ಮಾರ್ಗ. ಆದುದರಿಂದ ಇಂತಹ ಭರವಸೆಯನ್ನು ನಂಬಿ ಗಿಡಕ್ಕೆ ಅಧಿಕ ಬೆಲೆ ತೆರುವ ಅಗತ್ಯವಿಲ್ಲ.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು. ರೋಗ ಅಥವಾ ಕೀಟಬಾಧೆಯ ಕುರಿತು ಸಲಹೆ ಪಡೆಯುವವರು ಬಾಧಿತ ಎಲೆಯನ್ನು ಮುಚ್ಚಿದ ಚೀಲದಲ್ಲಿ ತರುವಂತೆ ಕೋರಲಾಗಿದೆ.