ಮಿಡಿಗೇಶಿ ಬೆಟ್ಟ ಆರು ಮೀಟರ್ ಜರುಗಿದ್ದು

ಎರಡು ಪ್ರೋಗ್ರಾಮುಗಳು. ಒಂದು ಹಳೇ ಫೋರ್ಟ್ರಾನ್‌ನದು, ಇನ್ನೊಂದು ಅದನ್ನೇ ನೋಡಿಕೊಂಡು ಸಿ ಭಾಷೆಯಲ್ಲಿ ಬರೆದದ್ದು. ಎರಡರದ್ದೂ ಒಂದೇ ಕೆಲಸ: ಒಂದು ಜಾಗದ ಅಕ್ಷಾಂಶ ರೇಖಾಂಶ ಕೊಟ್ಟರೆ ಅದನ್ನು ನಕ್ಷೆಯ ಮೀಟರ್ ಲೆಕ್ಕಕ್ಕೆ ತಿರುಗಿಸುವುದು. ನಮ್ಮ ಕಡೆಯ ಜಾಗವೇ ಇರಲಿ ಅಂತ ಮಿಡಿಗೇಶಿ ಬೆಟ್ಟದ ತುದಿಯನ್ನು ಕೊಟ್ಟೆ. ಸಮಭಾಜಕ ವೃತ್ತದಿಂದ ಬೆಟ್ಟಕ್ಕಿರುವ ದೂರ ಎರಡರಲ್ಲೂ ಹದಿನೈದು ಲಕ್ಷ ಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಬಂತು, ಆದರೆ ಒಂದಕ್ಕೂ ಇನ್ನೊಂದಕ್ಕೂ ಸುಮಾರು ಆರು ಮೀಟರ್ ವ್ಯತ್ಯಾಸ!

ಮಧುಗಿರಿಯಿಂದ ಪಾವಗಡಕ್ಕೆ ಹೋಗಿದ್ದರೆ ನೀವೂ ಆ ಕೋಟೆ ಬೆಟ್ಟ ನೋಡಿರುತ್ತೀರಿ. ಆರು ಮೀಟರ್ ಏನು ಮಹಾ ಅನ್ನಬೇಡಿ. ಕೋಟೆಯೊಳಗಿನದು ಗೋಡೆಯಾಚೆ ಬೀಳಲು ಅಷ್ಟು ಸಾಕು. ಕೆಳಗಿನ ಹೊಲಗಳಲ್ಲಾದರೆ ಬದು ಪಕ್ಕದವರ ಪಾಲಾಗುತ್ತೆ. ನಮ್ಮ ಸೀಮೆಯಲ್ಲಿ ಒಂದು ಮೊಳಕ್ಕೂ ಕೋರ್ಟು ಹತ್ತಿದವರಿದ್ದಾರೆ ಕಣ್ರೀ.

ಇಂಥದ್ದು ಬಂದಾಗ ಎಲ್ಲರೂ ಮೊದಲು ಬೈಯುವುದು ಭಾಷೆಯನ್ನೇ. ಬೈಯಲು ಕಾರಣವೂ ಇದೆ. ಫೋರ್ಟ್ರಾನ್‌ನಲ್ಲಿ 6377276.345 ಎಂದು ಬರೆದು ಕೊನೆಯಲ್ಲಿ ‘ಡಿ’ ಅಕ್ಷರ ಹಾಕದಿದ್ದರೆ ಅದು ಸಾಮಾನ್ಯವಾಗಿ 32 ಬಿಟ್‌ಗಳ ಒಂಟಿ ನಿಖರತೆಯ ಸಂಖ್ಯೆಯಾಗುತ್ತೆ. ಎಡಗಡೆಯ ಚರ ಜೋಡಿ ನಿಖರತೆಯದ್ದಾದರೂ ಅಷ್ಟೇ, ಕಳೆದದ್ದು ಕಳೆದಂತೆ. ಸಿ ಭಾಷೆಯಲ್ಲಿ ಅದನ್ನೇ ಬರೆದರೆ ತಾನಾಗೇ ಜೋಡಿ ನಿಖರತೆ. ಒಂಟಿಯಲ್ಲಿ ಅಂಕಿಗಳಿಗೆ ಇರುವುದು 24 ಬಿಟ್, ಹಾಗಾಗಿ ಅರವತ್ತು ಲಕ್ಷದ ಆಸುಪಾಸಿನಲ್ಲಿ ಅದು ಅರ್ಧರ್ಧ ಮೀಟರ್‌ಗೆ ಒಂದರಂತೆ ಹೆಜ್ಜೆ ಇಡುತ್ತೆ. ನಮ್ಮ .345 ಅಲ್ಲಿ .5 ಆಗಿ ಕೂತಿತ್ತು.

ಸರಿ, ಸಿಕ್ಕಿಬಿತ್ತು ಅಂತ ‘ಡಿ’ ಸೇರಿಸಿ ಮತ್ತೆ ಓಡಿಸಿದರೆ... ಬೆಟ್ಟ ಅಲುಗಿದ್ದು ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಅಕ್ಷಾಂಶದಲ್ಲೂ ಇದೇ ರಿಪೇರಿ ಮಾಡಿದೆ. ಎರಡೂ ಸೇರಿ ಅರ್ಧ ಗೇಣು ದಾಟಲಿಲ್ಲ. ರೇಖಾಂಶದಲ್ಲಿ ಮಾತ್ರ ಜೋರು, 77 ಡಿಗ್ರಿಯ ಹತ್ತಿರ ಒಂಟಿ ನಿಖರತೆಯ ಒಂದು ಹೆಜ್ಜೆಯೇ ಎಂಬತ್ತು ಸೆಂಟಿಮೀಟರ್. ಆದರೆ ಅದು ಪೂರ್ವ ಪಶ್ಚಿಮದ ಮಾತು. ಉತ್ತರದ ಆರು ಮೀಟರ್ ಹಾಗೇ ಕೂತಿತ್ತು.

ಆಮೇಲೆ ಎರಡೂ ಕಡೆಯ ಭೂಮಿಯ ತ್ರಿಜ್ಯ ಪಕ್ಕಪಕ್ಕ ಇಟ್ಟು ನೋಡಿದೆ. ಫೋರ್ಟ್ರಾನ್‌ನಲ್ಲಿ 6377276.345, ಸಿ ಯಲ್ಲಿ 6377301.243. ಎರಡರ ಹೆಸರೂ ಎವರೆಸ್ಟ್! ‘ಪ್ರೋಜ್’ ಎಂಬ ನಕ್ಷೆ ಲೆಕ್ಕದ ಲೈಬ್ರರಿಯಲ್ಲಿ ಮೊದಲನೆಯದು ಎವರೆಸ್ಟ್ 1830, ಎರಡನೆಯದು ಎವರೆಸ್ಟ್ 1956. ಇಪ್ಪತ್ತೈದು ಮೀಟರ್ ದಪ್ಪನೆಯ ಭೂಮಿ. ನಮ್ಮ ಅಕ್ಷಾಂಶಕ್ಕೆ ಬರುವಷ್ಟರಲ್ಲಿ ಅದು ಸರಿಯಾಗಿ ಆರು ಮೀಟರ್ ಆಗುತ್ತೆ.

ಭೂಮಿ ಯಾವಾಗ ಊದಿಕೊಂಡಿತು? ಊದಿಕೊಂಡಿಲ್ಲ. ಕತೆ ಶುರುವಾಗುವುದು ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್‌ನಿಂದ. 1802ರಲ್ಲಿ ಮದರಾಸಿನಲ್ಲಿ ಉಕ್ಕಿನ ಸರಪಳಿ ಹಾಸಿ ಮೊದಲ ಆಧಾರರೇಖೆ ಅಳೆದ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬಂದು, 1804ರಲ್ಲಿ ಬೆಂಗಳೂರಿನಲ್ಲಿ ಜಾನ್ ವಾರನ್ ಕೈಯಲ್ಲಿ ಇನ್ನೊಂದು ರೇಖೆ ಅಳೆಸಿದಾಗ, ಏಳು ಮೈಲಿಯಲ್ಲಿ ಲೆಕ್ಕಕ್ಕೂ ನೆಲಕ್ಕೂ ಬಂದ ವ್ಯತ್ಯಾಸ ನಾಲ್ಕು ಇಂಚಿಗಿಂತ ಕಡಿಮೆ. ನಮ್ಮ 32 ಬಿಟ್‌ಗಿಂತ ಆ ಕೈಲೆಕ್ಕವೇ ವಾಸಿ ಅನ್ನಿಸಿತು :-) ಅದೇ ಸರಪಣಿ ಉತ್ತರಕ್ಕೆ ಸಾಗಿ ನಮ್ಮ ಪಾವಗಡಕ್ಕೂ ಬಂತು. ಅಲ್ಲಿ ನಕ್ಷತ್ರ ನೋಡಿ ಅಕ್ಷಾಂಶ ಹಿಡಿದರು. ಸರ್ವೇ ಪುಸ್ತಕಗಳಲ್ಲಿ ಊರಿನ ಹೆಸರು ‘ಪೌಘರ್’ ಆಗಿದೆ, ಓದಿದರೆ ಗುರುತೇ ಸಿಗಲ್ಲ.

ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿ ಕೊಟ್ಟದ್ದು 20922931.80 ಅಡಿ. ಗಮನಿಸಿ, ಅಡಿ. ಮೀಟರ್ ಅಲ್ಲ. ಯಾವ ಅಡಿ ಅನ್ನುವುದೇ ತಂಟೆ. ಇಂಗ್ಲೆಂಡಿನ ಅಧಿಕೃತ ಗಜಕೋಲೇ 1834ರಲ್ಲಿ ಪಾರ್ಲಿಮೆಂಟಿಗೆ ಬೆಂಕಿ ಬಿದ್ದಾಗ ಹಾಳಾಯ್ತು. ಇಲ್ಲಿನ ಸರ್ವೇ ಕೋಲುಗಳನ್ನು ಮೀಟರಿನೊಂದಿಗೆ ಹೋಲಿಸಿದ ಒಂದೊಂದು ಸಲವೂ ಒಂದೊಂದು ಗುಣಕ. 0.30479841ರಿಂದ ಗುಣಿಸಿ, ಫೋರ್ಟ್ರಾನ್‌ನ ಸಂಖ್ಯೆ ಬರುತ್ತೆ. 0.3047996ರಿಂದ ಗುಣಿಸಿ, ಸಿ ಯ ಸಂಖ್ಯೆ. 0.3047995 ಆದರೆ 6377299.151, ಇದು ಭಾರತದ 1975ರ ವ್ಯಾಖ್ಯೆ. 1959ರ ಅಂತರರಾಷ್ಟ್ರೀಯ ಅಡಿ 0.3048 ಹಾಕಿದರೆ 6377309.613. ಕ್ಯಾಲ್ಕ್ಯುಲೇಟರ್ ತಗೊಂಡು ನೀವೇ ನೋಡಿ. ಅಡಿಯ ಲೆಕ್ಕದಲ್ಲಿ ಎಲ್ಲವೂ ಒಂದೇ ಭೂಮಿ, ಜಗಳವೆಲ್ಲ ದಶಾಂಶದ ಆರನೇ, ಏಳನೇ ಮನೆಯಲ್ಲಿ!

ಇದರಲ್ಲಿ ಯಾವುದು ಸರಿ ಅಂತ ಕೇಳುವುದಕ್ಕೆ ಅರ್ಥವಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಕೈಯಲ್ಲಿರುವ ನಕ್ಷೆ ಯಾವ ಗುಣಕದಲ್ಲಿ ತಯಾರಾಯಿತೋ ಅದೇ ಅದಕ್ಕೆ ಸರಿ. 2005ರ ರಾಷ್ಟ್ರೀಯ ನಕ್ಷೆ ನೀತಿ ಸಾರ್ವಜನಿಕ ನಕ್ಷೆಗಳನ್ನು ಡಬ್ಲ್ಯೂಜಿಎಸ್ 84ಕ್ಕೆ ತಂದಿತು, ಆದರೆ ಅದಕ್ಕೂ ಹಿಂದಿನ ಹಾಳೆಗಳೇನು ಮಾಯವಾಗಿಲ್ಲವಲ್ಲ. ನನ್ನ ಪ್ರೋಗ್ರಾಮಿನಲ್ಲಿ ಈಗ ಮೀಟರ್ ಸಂಖ್ಯೆಯನ್ನೇ ಬರೆದಿಲ್ಲ. ಎವರೆಸ್ಟನ ಅಡಿ ಒಂದು ಸಾಲು, ಗುಣಕ ಇನ್ನೊಂದು ಸಾಲು, ಪಕ್ಕದಲ್ಲಿ ವರ್ಷ. ಎರಡಕ್ಕೂ ‘ಡಿ’ ಇದೆ.

ನಿಮ್ಮಲ್ಲಿ ಯಾರ ಹತ್ತಿರವಾದರೂ ಮಧುಗಿರಿ, ಪಾವಗಡ ಕಡೆಯ ಹಳೇ ಟೋಪೋಶೀಟ್ ಇದ್ದರೆ ಅಂಚಿನಲ್ಲಿ ಏನು ಅಚ್ಚಾಗಿದೆ ಅಂತ ಒಂದು ಸಾಲು ಬರೆದು ತಿಳಿಸಿ.