ಖಾನೇಸುಮಾರಿಯ ಮೊಟಕು ಹೆಸರುಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೊದಲ ಖಾನೇಸುಮಾರಿ ನಡೆದದ್ದು 1790ರಲ್ಲಿ. ಅಂದಿನಿಂದ 1840ರವರೆಗೆ ಮನೆಯ ಯಜಮಾನನೊಬ್ಬನ ಹೆಸರನ್ನು ಬರೆದುಕೊಂಡು, ಉಳಿದವರನ್ನೆಲ್ಲ ವಯಸ್ಸು, ಲಿಂಗ, ವರ್ಣಗಳ ಮೇರೆಗೆ ಬರಿಯ ಅಂಕಿಗಳನ್ನಾಗಿ ಕೂಡಿಸಿಬಿಡುವುದೇ ಪದ್ಧತಿಯಾಗಿದ್ದಿತು. 1850ರ ಗಣತಿಯಲ್ಲಿ ಮೊದಲಬಾರಿಗೆ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರೂ, ಅದರೊಡನೆ ಅವರು ಹುಟ್ಟಿದ ಸಂಸ್ಥಾನ ಅಥವಾ ದೇಶದ ಹೆಸರೂ ದಫ್ತರವನ್ನು ಸೇರಿದವು. ಗುಲಾಮರಾಗಿದ್ದವರಿಗೆ ಬೇರೆಯ ಪಟ್ಟಿಯಿದ್ದಿತು. ಅದರಲ್ಲಿ ಒಡೆಯನ ಹೆಸರುಂಟು, ಅವರ ಹೆಸರು ಸಾಮಾನ್ಯವಾಗಿ ಇಲ್ಲ, ಹುಟ್ಟಿದ ಸ್ಥಳವನ್ನಂತೂ ಯಾರೂ ಕೇಳಲಿಲ್ಲ.

ಜನ್ಮಸ್ಥಳದ ಆ ಅಂಕಣವನ್ನು ತುಂಬಿದವರು ಮಾರ್ಷಲ್ ಎಂಬ ಅಧಿಕಾರಿಯ ಸಹಾಯಕರು. ತಲೆಯೊಂದಕ್ಕೆ 2 ಸೆಂಟು ಅವರ ಸಂಭಾವನೆ; ಪ್ರಯಾಣಕ್ಕೆ ಮೈಲಿಗೆ 10 ಸೆಂಟು. ನಡೆದ ದೂರವನ್ನು ಅವರ ಮಾತಿನ ಮೇಲೆ ನಂಬುವಷ್ಟು ಉದಾರವಾಗಿರದ ಸರ್ಕಾರ, ಮನೆಗಳ ಸಂಖ್ಯೆಯ ವರ್ಗಮೂಲವನ್ನು ಪ್ರದೇಶದ ಚದರ ಮೈಲಿಗಳ ವರ್ಗಮೂಲದಿಂದ ಗುಣಿಸಿ ಬಂದ ಲಬ್ಧವನ್ನೇ ಮೈಲಿಗಳೆಂದು ಗ್ರಹಿಸತಕ್ಕದ್ದೆಂದು ವಿಧಿಸಿದ್ದಿತು. ಇಷ್ಟು ಬಿಗಿಯಾದ ಲೆಕ್ಕದಲ್ಲಿ ದುಡಿದವನು ಪಟ್ಟಿಯ ಮೂರು ಪ್ರತಿಗಳನ್ನು ಸಿದ್ಧಪಡಿಸಬೇಕಾಗಿದ್ದಿತು: ಒಂದು ಕೌಂಟಿಯ ನ್ಯಾಯಾಲಯಕ್ಕೆ, ಒಂದು ಸಂಸ್ಥಾನಕ್ಕೆ, ಒಂದು ವಾಷಿಂಗ್ಟನ್ನಿಗೆ. ಸಂಸ್ಥಾನದ ಹೆಸರಿಗೆ ಬದಲಾಗಿ ಆದ್ಯಕ್ಷರಗಳನ್ನು ಬರೆದರೂ ಸಾಕೆಂಬ ಸೂಚನೆಯೇ ಇದ್ದುದರಿಂದ, ಮ್ಯಾಸಚುಸೆಟ್ಸ್ ಎಂಬ ದೀರ್ಘನಾಮವನ್ನು ಕಿರಿದಾದ ಅಂಕಣದಲ್ಲಿ ಮೂರು ಸಲ ಪೂರ್ತಿಯಾಗಿ ಬರೆಯುವ ವ್ಯರ್ಥಶ್ರಮಕ್ಕೆ ಆತನು ಏಕೆ ಕೈಹಾಕಿಯಾನು?

ಹೀಗಾಗಿ ‘ಎಂ’ ಅಕ್ಷರದಿಂದ ಆರಂಭವಾಗುವ ಸಂಸ್ಥಾನಗಳ ಗುಂಪೊಂದು ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಮಿಸೌರಿಗೆ ‘ಎಂ-ಒ’, ಮೇನ್‌ಗೆ ‘ಎಂ-ಇ’; ಅವಸರದ ಲೇಖನಿಯಲ್ಲಿ ಈ ‘ಒ’ ‘ಇ’ಗಳು ಒಂದೇ ಸುರುಳಿಯಾಗಿಬಿಡುತ್ತವೆ. ಮಿಸಿಸಿಪಿ, ಮ್ಯಾಸಚುಸೆಟ್ಸ್‌ಗಳ ಮೊಟಕು ರೂಪದ ಕೊನೆಯಲ್ಲಿ ಎರಡು ‘ಎಸ್’ ಬರುತ್ತವಷ್ಟೆ. ಹಳಬರು ಅವುಗಳಲ್ಲಿ ಮೊದಲನೆಯದನ್ನು ಉದ್ದವಾಗಿ ಕೆಳಗಿಳಿಸಿ ಬರೆಯುತ್ತಿದ್ದುದರಿಂದ ಇಂದಿನ ಕಣ್ಣಿಗೆ ಅದು ‘ಪಿ’ಯಂತೆ ತೋರಿ, ಯಾವ ಭೂಪಟದಲ್ಲಿಯೂ ಇಲ್ಲದ ನಾಡೊಂದು ಹುಟ್ಟಿಕೊಳ್ಳುತ್ತದೆ. ವಾಷಿಂಗ್ಟನ್ನಿಗೆ ಹೋದದ್ದು ಬಹುಮಟ್ಟಿಗೆ ನಕಲು ಪ್ರತಿಯೇ ಆದ್ದರಿಂದ, ನಕಲುಗಾರನ ಪ್ರಮಾದವೂ ಇದಕ್ಕೆ ಕೂಡುವುದುಂಟು. ಕೌಂಟಿಯ ಪ್ರತಿ ಉಳಿದಿದ್ದರೆ ಅದನ್ನು ಪಕ್ಕದಲ್ಲಿಟ್ಟು ನೋಡುವುದೇ ಲೇಸು.

ಅಕ್ಷರವು ಸ್ಪಷ್ಟವಾಗಿದ್ದೂ ಅರ್ಥವು ಕೈಕೊಡುವ ಪ್ರಸಂಗ ಇದಕ್ಕಿಂತ ಸ್ವಾರಸ್ಯವಾದದ್ದು. ‘ಐ-ಎ’ ಎಂಬ ಎರಡಕ್ಷರಗಳು ಇಂದು ಐಯೋವಾಕ್ಕೆ ಮೀಸಲು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಾದರೋ ಇಂಡಿಯಾನವನ್ನು ಹಾಗೆ ಬರೆಯುವ ವಾಡಿಕೆಯಿದ್ದಿತು. ಇಂಡಿಯಾನ ಸಂಸ್ಥಾನವಾದದ್ದು 1816ರಲ್ಲಿ. ಐಯೋವಾ ಪ್ರಾಂತವೆಂದು ಏರ್ಪಟ್ಟದ್ದು 1838ರಲ್ಲಿ, ಸಂಸ್ಥಾನವಾದದ್ದು 1846ರಲ್ಲಿ. ಅಲ್ಲಿಗೆ ಹೊರಗಿನ ವಲಸೆಗಾರರು ನ್ಯಾಯಬದ್ಧವಾಗಿ ಕಾಲಿಟ್ಟದ್ದೇ 1833ರಲ್ಲಿ. 1850ರ ಪಟ್ಟಿಯಲ್ಲಿ ವಲಸೆಗಾರರ ಕುಟುಂಬದ ಇಪ್ಪತ್ತೈದು ವರ್ಷದ ತರುಣನೊಬ್ಬನ ಮುಂದೆ ಈ ಎರಡಕ್ಷರಗಳಿದ್ದರೆ, ಆತನು ಐಯೋವಾದಲ್ಲಿ ಹುಟ್ಟಿದನೆಂದು ಹೇಳುವುದು ಊರಿಗಿಂತ ಮುಂಚೆ ಮಗುವನ್ನು ಹುಟ್ಟಿಸಿದಂತೆ. ವಯಸ್ಸು ನಿರ್ಣಾಯಕವಾಗದಿದ್ದಲ್ಲಿ ಒಡಹುಟ್ಟಿದವರ ಸರಣಿಯನ್ನು ನೋಡಬೇಕು: ಹಿರಿಯ ಮಗು ಒಹಾಯೊದಲ್ಲಿ, ನಡುವಿನವು ‘ಐ-ಎ’ದಲ್ಲಿ, ಕಿರಿಯದು ಇಲಿನಾಯ್ಸಿನಲ್ಲಿ ಹುಟ್ಟಿದ್ದರೆ, ಬಂಡಿಯೇರಿ ಪಶ್ಚಿಮಕ್ಕೆ ಸಾಗಿದ ಆ ಕುಟುಂಬದ ಮಾರ್ಗಮಧ್ಯದಲ್ಲಿ ಬರುವುದು ಇಂಡಿಯಾನವೇ ಹೊರತು, ಮಿಸಿಸಿಪಿ ನದಿಯಾಚೆಗಿನ ಐಯೋವಾ ಅಲ್ಲ. ಒಂದೇ ಪುಟವನ್ನು ಓದಿ ತೀರ್ಮಾನಕ್ಕೆ ಬರುವವರ ವಿಷಯದಲ್ಲಿ ನನಗೆ ವಿಶ್ವಾಸ ಕಡಮೆ. ಅದೇ ಸಹಾಯಕನು ನೆರೆಮನೆಗಳಲ್ಲಿ ಏನು ಬರೆದನೆಂಬುದನ್ನು ನಾಲ್ಕಾರು ಪುಟಗಳಲ್ಲಿಯಾದರೂ ನೋಡಿದಲ್ಲದೆ ಆತನ ಅಭ್ಯಾಸ ತಿಳಿಯದು.

ನಾಡುಗಳೂ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೇನ್ ಪ್ರದೇಶವು 1820ರವರೆಗೆ ಮ್ಯಾಸಚುಸೆಟ್ಸ್‌ನ ಭಾಗವಾಗಿದ್ದಿತು; ವೆಸ್ಟ್ ವರ್ಜೀನಿಯ ಬೇರೆಯಾದದ್ದು 1863ರಲ್ಲಿ. ಆದಕಾರಣ ಒಬ್ಬನೇ ರೈತನು ತನ್ನ ಹೊಲವನ್ನು ಬಿಟ್ಟು ಕದಲದೆಯೂ 1860ರಲ್ಲಿ ಒಂದು ಸಂಸ್ಥಾನದಲ್ಲಿ, 1870ರಲ್ಲಿ ಇನ್ನೊಂದರಲ್ಲಿ ಹುಟ್ಟಿದವನಾಗಿ ಕಾಣಿಸಿಕೊಳ್ಳಬಹುದು. ‘ಸಿ-ಡಬ್ಲ್ಯು’ ಎಂದರೆ ಕೆನಡಾ ವೆಸ್ಟ್. 1841ರಿಂದ 1867ರವರೆಗೆ ಮಾತ್ರ ಇದ್ದ ಆ ಹೆಸರಿನ ಪ್ರದೇಶ ಈಗಿನ ಒಂಟಾರಿಯೊ. ಜರ್ಮನಿಯೆಂದು ಬರೆದು ಸುಮ್ಮನಾಗದೆ ಪ್ರಷ್ಯಾ, ಬವೇರಿಯಾ, ಬಾಡೆನ್ ಎಂದು ವಿಂಗಡಿಸತಕ್ಕದ್ದೆಂಬ 1870ರ ಆಜ್ಞೆಯಿಂದ ಇನ್ನಷ್ಟು ತುಂಡು ಹೆಸರುಗಳು ಪಟ್ಟಿಯನ್ನು ಹೊಕ್ಕವು.

ಇಂದಿನ ಎರಡಕ್ಷರದ ಸಂಕೇತಗಳನ್ನು ಅಂಚೆಯ ಇಲಾಖೆ ಬಳಕೆಗೆ ತಂದದ್ದು 1963ರಲ್ಲಿ. ಅವುಗಳನ್ನು ಹಳೆಯ ದಫ್ತರಗಳಿಗೆ ಹಿಮ್ಮುಖವಾಗಿ ಹೊಂದಿಸಹೊರಟವರ ಸೂಚಿಗಳಲ್ಲಿಯೇ ಇಂಡಿಯಾನದ ಜನ ಐಯೋವಾಕ್ಕೆ ಗಡೀಪಾರಾಗುವುದು. ಆ ಸಂಕೇತಗಳೂ ಗೊಂದಲಕ್ಕೆ ಹೊರತಾಗಲಿಲ್ಲ: ನೆಬ್ರಾಸ್ಕಾಕ್ಕೆ ಮೊದಲು ಕೊಟ್ಟಿದ್ದ ‘ಎನ್-ಬಿ’ ಎಂಬುದು, ಹಳೆಯ ಗಣತಿಯ ಪುಟಗಳಲ್ಲಿರುವಂತೆಯೇ, ಕೆನಡಾದವರಿಗೆ ನ್ಯೂ ಬ್ರನ್ಸ್‌ವಿಕ್ ಆಗಿದ್ದುದರಿಂದ, ಅವರ ಕೋರಿಕೆಯ ಮೇರೆಗೆ 1969ರಲ್ಲಿ ಅದನ್ನು ‘ಎನ್-ಇ’ ಎಂದು ತಿದ್ದಬೇಕಾಯಿತು.