ಲೊಕ್ಕಿಗುಂಡಿಯ ತೂಕವೂ ಔಷಧದ ಮಾತ್ರೆಯೂ

ಗದಗಿನ ಆಗ್ನೇಯಕ್ಕೆ ಸುಮಾರು 12 ಕಿಲೋಮೀಟರು ದೂರದಲ್ಲಿರುವ ಲಕ್ಕುಂಡಿಯನ್ನು ನಮ್ಮ ಶಾಸನಗಳು ಲೊಕ್ಕಿಗುಂಡಿಯೆಂದು ಕರೆದಿರುವುವು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬಸದಿ ದೇಗುಲಗಳ ಊರಾಗಿದ್ದಂತೆಯೇ ಟಂಕಸಾಲೆಯ ಊರೂ ಆಗಿದ್ದಿತು. ಇಲ್ಲಿ ಅಚ್ಚಾದ ಹೊನ್ನು ‘ಲೊಕ್ಕಿ ಗದ್ಯಾಣ’ವೆಂಬ ಹೆಸರಿನಿಂದ ಊರಾಚೆಯೂ ಸಲ್ಲುತ್ತಿದ್ದಿತು. ನಾಣ್ಯಕ್ಕೆ ಮನ್ನಣೆ ಬರುವುದು ಅದರ ತೂಕ ತಪ್ಪದಿರುವುದರಿಂದ. ಗದ್ಯಾಣ, ಪಣ, ಹಾಗ, ವೀಸಗಳೆಂಬ ಲೆಕ್ಕವೆಲ್ಲ ಈ ನಂಬಿಕೆಯ ಮೇಲೆ ನಿಂತುದು. ನಮ್ಮ ನಾಡಿನ ಅಕ್ಕಸಾಲಿಗರು ಹೊನ್ನನ್ನು ತೂಗುವುದಕ್ಕೆ ಬಳಸುತ್ತಿದ್ದ ಸಣ್ಣ ಬೊಟ್ಟೆಂದರೆ ಗುಲಗಂಜಿ. ಕೆಂಪು ಮೈಯ, ಕಪ್ಪು ಮೊಗದ ಆ ಬೀಜವನ್ನೇ ವೈದ್ಯನೂ ತನ್ನ ಭಸ್ಮ ಚೂರ್ಣಗಳನ್ನು ತೂಗುವುದಕ್ಕೆ ಇಟ್ಟುಕೊಂಡಿರುತ್ತಿದ್ದನು. ಆದರೆ ಗುಲಗಂಜಿಯು ಸ್ವತಃ ವಿಷಬೀಜ. ಆಯುರ್ವೇದವು ಅದನ್ನು ಉಪವಿಷಗಳ ಸಾಲಿನಲ್ಲಿ ಎಣಿಸಿದೆ. ಔಷಧವನ್ನು ಅಳೆಯುವ ಬೀಜವೇ ಅಳತೆಯಿಲ್ಲದೆ ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಎರವಾಗುವುದು.

ಕನ್ನಡಿಗರು ಔಷಧದ ಗುಳಿಗೆಯನ್ನು ‘ಮಾತ್ರೆ’ಯೆಂದೂ ಕರೆಯುವರು. ಈ ಮಾತಿನ ಮೂಲಾರ್ಥವು ಅಳತೆ, ಪ್ರಮಾಣ. ಛಂದಸ್ಸಿನಲ್ಲಿ ಲಘು ಗುರುಗಳನ್ನು ಎಣಿಸುವುದೂ ಮಾತ್ರೆಯಿಂದಲೇ. ಒಂದು ಮಾತ್ರೆ ಹೆಚ್ಚಿದರೆ ಪದ್ಯ ಕೆಡುವುದು. ವೈದ್ಯದಲ್ಲಿ ಹೆಚ್ಚಿದರೆ ಕೆಡುವುದು ದೇಹ. ಈಚಿನ ಕಾಲದ ಔಷಧಗಳಲ್ಲಿ ಈ ನಿಯಮವನ್ನು ಬಹು ಕಠಿನವಾಗಿ ತೋರಿಸಿಕೊಟ್ಟ ಒಂದು ವರ್ಗವುಂಟು. ಮನಸ್ಸಿನ ಖಿನ್ನತೆಗೆ ಕೊಡುವ, ಟ್ರೈಸೈಕ್ಲಿಕ್ ಎಂಬ ಹೆಸರಿನ ಗುಳಿಗೆಗಳೇ ಅವು. ಅವುಗಳ ಚರಿತ್ರೆಯನ್ನೂ, ಅವು ನಮ್ಮ ಸೀಮೆಯ ಮನೆಗಳನ್ನು ಸೇರಿದ ಬಗೆಯನ್ನೂ, ಅವುಗಳ ವಿಷಯದಲ್ಲಿ ವಹಿಸಬೇಕಾದ ಎಚ್ಚರವನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

1. ನಾಲ್ಕು ದಾನಗಳು

ಲೊಕ್ಕಿಗುಂಡಿಯ ಹೆಸರಿನೊಡನೆ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಬೆಸೆದುಕೊಂಡಿದೆ. ಆಕೆ ಇಲ್ಲಿ ಎತ್ತಿಸಿದ ಬ್ರಹ್ಮಜಿನಾಲಯವು 1007ರಷ್ಟು ಹಳೆಯದು. ರನ್ನನು ಅಜಿತಪುರಾಣವನ್ನು 993ರಲ್ಲಿ ರಚಿಸಿದುದು ಆಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಕೀರ್ತಿಯೂ ಆಕೆಗೆ ಸಂದಿದೆ. ಜೈನಧರ್ಮವು ಗೃಹಸ್ಥನಿಗೆ ವಿಧಿಸಿದ ದಾನಗಳು ನಾಲ್ಕು: ಆಹಾರ, ಅಭಯ, ಭೈಷಜ್ಯ ಮತ್ತು ಶಾಸ್ತ್ರ. ಭೈಷಜ್ಯವೆಂದರೆ ಔಷಧ. ಔಷಧವನ್ನು ಕೊಡುವುದು, ತಿಳಿವನ್ನು ಕೊಡುವುದು, ಭಯವನ್ನು ಕಳೆಯುವುದು, ಇವನ್ನು ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಇಟ್ಟುದು ಮನನಯೋಗ್ಯವಾಗಿದೆ. ತಿಳಿವಿಲ್ಲದ ಔಷಧವು ಅರ್ಧ ದಾನವೆಂಬುದಕ್ಕೆ ಮುಂದೆ ಹೇಳುವ ಸಂಗತಿಗಳು ಸಾಕ್ಷಿಯಾಗುವುವು.

ಶಾಸ್ತ್ರದಾನದ ಈ ಸಂಪ್ರದಾಯದಲ್ಲಿಯೇ ವೈದ್ಯವು ಕನ್ನಡಕ್ಕೆ ಬಂದಿತು. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಿಂದ ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನಾದರೋ ವಿಷಚಿಕಿತ್ಸೆಗೆ ಮೀಸಲಾದ ಖಗೇಂದ್ರಮಣಿದರ್ಪಣವೆಂಬ ದೊಡ್ಡ ಗ್ರಂಥವನ್ನೇ ರಚಿಸಿದನು. ಗಿಡ ಬೇರು ಖನಿಜಗಳಿಂದ ಬರುವ ಸ್ಥಾವರವಿಷ, ಹಾವು ಚೇಳುಗಳಿಂದ ಬರುವ ಜಂಗಮವಿಷ, ಇವೆರಡರ ಲಕ್ಷಣವನ್ನೂ ಪರಿಹಾರವನ್ನೂ ಅವನು ಕನ್ನಡ ಪದ್ಯಗಳಲ್ಲಿ ಹೇಳಿದನು. ಆ ಮದ್ದುಗಳೆಲ್ಲ ಇಂದಿನ ಪರೀಕ್ಷೆಗೆ ನಿಲ್ಲುವುವೆಂದು ಯಾರೂ ಹೇಳಲಾರರು. ಆದರೆ ವಿಷದ ತಿಳಿವು ಜನರ ನುಡಿಯಲ್ಲಿ ಇರತಕ್ಕದ್ದೆಂಬ ಅವನ ಎಣಿಕೆಯು ಇಂದಿಗೂ ಸತ್ಯವಾದುದು.

2. ಖಿನ್ನತೆಯ ಮದ್ದು ಹುಟ್ಟಿದ ಬಗೆ

ನಮ್ಮ ಭಾಗದಲ್ಲಿ ಮನೋರೋಗಿಗಳಿಗೆಂದು ಸರಕಾರದ ಆಸ್ಪತ್ರೆಯು 1845ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿಯೂ ಅದೇ ದಶಕದಲ್ಲಿ ಇಂಥದೊಂದು ಸಂಸ್ಥೆ ಆರಂಭವಾಯಿತು. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡುದು ಆ ಪರಂಪರೆಯಿಂದಲೇ. ಬಹುಕಾಲದವರೆಗೆ ಇಂಥ ಆಸ್ಪತ್ರೆಗಳ ಮುಖ್ಯ ಕಾರ್ಯವು ರೋಗಿಯನ್ನು ಕಾಯುವುದಾಗಿದ್ದಿತು. ಊಟವನ್ನೊಲ್ಲದೆ, ಮಾತನ್ನೊಲ್ಲದೆ, ಬದುಕನ್ನೇ ಒಲ್ಲದೆ ಕುಳಿತ ಖಿನ್ನನಿಗೆ ಕೊಡಲು ತಕ್ಕ ಗುಳಿಗೆಯು ಲೋಕದಲ್ಲೆಲ್ಲಿಯೂ ಇರಲಿಲ್ಲ.

ಅದು ದೊರೆತುದು ಸ್ವಿಟ್ಜರ್ಲೆಂಡಿನಲ್ಲಿ. ಅಲ್ಲಿನ ಗೈಗಿ ಎಂಬ ಔಷಧ ಸಂಸ್ಥೆಯು ಸಿದ್ಧಪಡಿಸಿದ್ದ ಒಂದು ರಾಸಾಯನಿಕವನ್ನು ಮ್ಯೂನ್‌ಸ್ಟರ್‌ಲಿಂಗೆನ್ ಎಂಬ ಊರಿನ ಮನೋರೋಗಾಲಯದ ವೈದ್ಯ ರೋಲಂಡ್ ಕೂನ್ ಮೊದಲು ಬೇರೆ ರೋಗಕ್ಕೆಂದು ಪರೀಕ್ಷಿಸುತ್ತಿದ್ದನು. ಆ ರೋಗಕ್ಕೆ ಅದು ನಾಟಲಿಲ್ಲ. ಆದರೆ 1956ರಲ್ಲಿ ಖಿನ್ನತೆಯ ರೋಗಿಗಳಿಗೆ ಕೊಟ್ಟು ನೋಡಲಾಗಿ ಕೆಲವರು ಕೆಲವು ದಿನಗಳಲ್ಲಿಯೇ ಚೇತರಿಸಿಕೊಂಡರು. 1957ರಲ್ಲಿ ಕೂನನು ಈ ಫಲವನ್ನು ಪ್ರಕಟಿಸಿದನು. ಅದೇ ಇಮಿಪ್ರಮೀನ್. ಅದರ ಅಣುವಿನಲ್ಲಿ ಮೂರು ಉಂಗುರಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಈ ಕುಲಕ್ಕೆ ಟ್ರೈಸೈಕ್ಲಿಕ್ ಎಂಬ ಹೆಸರಾಯಿತು. 1961ರಲ್ಲಿ ಅಮೇರಿಕೆಯಲ್ಲಿ ಮಾರಾಟಕ್ಕೆ ಬಂದ ಅಮಿಟ್ರಿಪ್ಟಿಲೀನ್ ಇದೇ ಕುಲದ್ದು. ಕೂನನು ನಡೆಸಿದ ಪರೀಕ್ಷೆಗಳಲ್ಲಿ ಎಷ್ಟೋ ರೋಗಿಗಳ ಸಮ್ಮತಿಯನ್ನು ಕೇಳಿರಲಿಲ್ಲವೆಂಬ ಸಂಗತಿಯು 2019ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಹೊರಬಿದ್ದಿದೆ. ಚರಿತ್ರೆ ಬರೆಯುವವರು ಇದನ್ನು ಮರೆಮಾಚಲಾಗದು. ಆದರೂ ಈ ಗುಳಿಗೆಗಳಿಂದ ಕೋಟ್ಯಂತರ ಜನರು ಮರಳಿ ಬದುಕಿಗೆ ಬಂದರೆಂಬುದೂ ಅಷ್ಟೇ ನಿಜ.

3. ಮದ್ದಿನೊಳಗಿನ ವಿಷ

ಮದ್ದು ಪೇಟೆಗೆ ಬಂದು ಎರಡು ವರ್ಷ ಕಳೆಯುವುದರೊಳಗಾಗಿ ಅದರ ಅತಿಸೇವನೆಯ ವರದಿಗಳು ವೈದ್ಯಪತ್ರಿಕೆಗಳಲ್ಲಿ ಕಾಣಿಸಿಕೊಂಡುವು. ಇಲ್ಲಿ ಒಂದು ಕ್ರೂರವಾದ ವಿಪರ್ಯಾಸವಿದೆ. ಬದುಕಿನಲ್ಲಿ ಬೇಸತ್ತವನಿಗೆ ವೈದ್ಯನು ಬರೆದುಕೊಡುವ ಗುಳಿಗೆಯೇ ಒಮ್ಮೆಲೆ ಹೆಚ್ಚಾಗಿ ನುಂಗಿದರೆ ಪ್ರಾಣಹಾರಿಯಾಗುವಂಥದು. ಇದಲ್ಲದೆ ಮದ್ದಿನ ಗುಣವು ತೋರಲು ಎರಡರಿಂದ ನಾಲ್ಕು ವಾರಗಳು ಬೇಕು. ಅಪಾಯಕ್ಕಾದರೋ ಕೆಲವು ಗಂಟೆಗಳೇ ಸಾಕು.

ವಿಷದ ಲಕ್ಷಣಗಳಲ್ಲಿ ಮೊದಲಿನವು ನಮ್ಮ ರೈತರಿಗೆ ಅಪರಿಚಿತವಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಮದಗುಣಿಕೆಯನ್ನು, ಎಂದರೆ ದತ್ತೂರವನ್ನು, ತಿಂದವನ ಸ್ಥಿತಿಯನ್ನು ಹಿರಿಯರು ಬಲ್ಲರು. ಬಾಯಿ ಒಣಗುವುದು, ಕಣ್ಣಿನ ಪಾಪೆ ಅರಳುವುದು, ಮೈ ಬಿಸಿಯಾಗುವುದು, ಮೂತ್ರ ಕಟ್ಟುವುದು, ಇಲ್ಲದುದನ್ನು ಕಂಡು ಗಾಳಿಯಲ್ಲಿ ಕೈಯಾಡಿಸುತ್ತ ಬಡಬಡಿಸುವುದು, ಇವೆಲ್ಲ ಈ ಗುಳಿಗೆಗಳ ಅತಿಸೇವನೆಯಲ್ಲಿಯೂ ತೋರುವುವು. ಈ ಹೋಲಿಕೆಯನ್ನು ನಂಬಿ 1970ರ ದಶಕದ ವೈದ್ಯರು ದತ್ತೂರ ವಿಷಕ್ಕೆ ಪ್ರತಿಯಾದ ಫೈಸೋಸ್ಟಿಗ್ಮೀನ್ ಎಂಬ ಮದ್ದನ್ನು ಇಲ್ಲಿಯೂ ಪ್ರಯೋಗಿಸಿದರು. ಆದರೆ ಅದನ್ನು ಕೊಟ್ಟಾಗ ಹೃದಯವು ನಿಂತುಹೋದ ಪ್ರಸಂಗಗಳು 1980ರಲ್ಲಿ ಪ್ರಕಟವಾದುವು; ಆ ಪದ್ಧತಿಯು ಹಿಂದೆ ಸರಿಯಿತು.

ಹೋಲಿಕೆಯು ಎಲ್ಲಿ ಮುರಿಯಿತೆಂದರೆ, ಟ್ರೈಸೈಕ್ಲಿಕ್ ಗುಳಿಗೆಯು ಹೃದಯವನ್ನೇ ಹಿಡಿಯುವುದು. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಒಳಹೊಗುವ ಸೂಕ್ಷ್ಮ ದ್ವಾರಗಳುಂಟು. ಬಡಿತದ ವಿದ್ಯುತ್ತು ಹರಿಯುವುದು ಅವುಗಳಿಂದ. ಮದ್ದು ಮಿತಿಮೀರಿದರೆ ಈ ದ್ವಾರಗಳು ಕಟ್ಟಿಕೊಳ್ಳುವುವು. ಬಡಿತದ ಲಯ ಕೆಡುವುದು, ರಕ್ತದ ಒತ್ತಡ ಕುಸಿಯುವುದು, ಮೂರ್ಛೆ ಬರುವುದು, ಸೆಳವು ತೋರುವುದು. ಇ.ಸಿ.ಜಿ. ಪಟದಲ್ಲಿ ಬಡಿತದ ರೇಖೆಯು ಅಗಲವಾಗುವುದನ್ನು ನೋಡಿ ವೈದ್ಯರು ಅಪಾಯವನ್ನು ಅಳೆಯುವರು; ರಕ್ತನಾಳದಲ್ಲಿ ಸೋಡಿಯಂ ಬೈಕಾರ್ಬೊನೇಟನ್ನು ಕೊಟ್ಟು ಹೃದಯವನ್ನು ಕಾಪಾಡುವರು. ಇದು ಅಡಿಗೆಯ ಸೋಡಾದ ವಸ್ತುವೇ ಹೌದು. ಆದರೆ ಮನೆಯಲ್ಲಿ ಸೋಡಾ ಕುಡಿಸುವುದರಿಂದ ಉಪಯೋಗವಿಲ್ಲ, ಅಪಾಯವುಂಟು. ಈ ವಿಷಕ್ಕೆ ಮನೆಮದ್ದಿಲ್ಲವೆಂಬುದನ್ನು ದೃಢವಾಗಿ ನೆನಪಿಡಬೇಕು.

4. ಗುಳಿಗೆಯು ಹಳ್ಳಿಗೆ ಬಂದುದು

ವಿಶ್ವ ಆರೋಗ್ಯ ಸಂಸ್ಥೆಯು 1977ರಲ್ಲಿ ಮೊದಲ ಬಾರಿಗೆ ಅವಶ್ಯಕ ಔಷಧಗಳ ಪಟ್ಟಿಯನ್ನು ಹೊರಡಿಸಿದಾಗ ಅಮಿಟ್ರಿಪ್ಟಿಲೀನ್ ಅದರಲ್ಲಿ ಸೇರಿದ್ದಿತು. ಮನೋವೈದ್ಯವನ್ನು ಹಳ್ಳಿಗೆ ಒಯ್ಯುವ ಕಾರ್ಯದಲ್ಲಿ ಕರ್ನಾಟಕವು ಮುಂದಾಳಾಯಿತು. ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಶಿಕ್ಷಣವಿತ್ತು ಚಿಕಿತ್ಸೆಯನ್ನು ಊರ ಬಾಗಿಲಿಗೆ ತಂದಿತು. ಮುಂಡರಗಿ ಸೀಮೆಯಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಹೂವಿನಹಡಗಲಿಯು ಆಗ ಆ ಜಿಲ್ಲೆಯಲ್ಲಿಯೇ ಇದ್ದಿತು. ಬಳ್ಳಾರಿಯ ಮಾದರಿಯನ್ನೇ ಹಿಡಿದು 1996ರಲ್ಲಿ ಭಾರತ ಸರಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಮರುವರ್ಷ, 1997ರಲ್ಲಿ, ಗದಗವು ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು.

ಮುಂದೆ ಫ್ಲುವಾಕ್ಸಿಟೀನ್ ಮೊದಲಾದ ಹೊಸ ಔಷಧಗಳು ಬಂದುವು. ಅತಿಸೇವನೆಯಲ್ಲಿ ಇವುಗಳ ಅಪಾಯವು ಕಡಮೆಯಾದುದರಿಂದ ಖಿನ್ನತೆಗೆ ಈಗ ವೈದ್ಯರು ಸಾಮಾನ್ಯವಾಗಿ ಮೊದಲು ಇವನ್ನೇ ಕೊಡುವರು. ಆದರೂ ಹಳೆಯ ಗುಳಿಗೆಗಳು ಮರೆಯಾಗಿಲ್ಲ. ಸಕ್ಕರೆ ರೋಗದಿಂದ ಬರುವ ಕಾಲುರಿ, ನರಗಳ ನೋವು, ಅರೆದಲೆ ನೋವು, ಇವುಗಳಿಗೆ ಅಮಿಟ್ರಿಪ್ಟಿಲೀನನ್ನು 10 ಅಥವಾ 25 ಮಿಲಿಗ್ರಾಮಿನ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. 25 ಮಿಲಿಗ್ರಾಮೆಂದರೆ ಗುಲಗಂಜಿಯ ತೂಕದ ಐದನೆಯ ಒಂದು ಪಾಲು ಮಾತ್ರ. ಹೀಗಾಗಿ ಎಷ್ಟೋ ಮನೆಗಳಲ್ಲಿ ಇದು ‘ನಿದ್ದೆಯ ಗುಳಿಗೆ’, ‘ನರದ ಗುಳಿಗೆ’ ಎಂಬ ಸಾಧು ಹೆಸರಿನಿಂದ ಗೂಡಿನಲ್ಲಿ ಬಿದ್ದಿರುವುದು. ಹೆಸರಿನ ಸಾಧುತ್ವವನ್ನು ನಂಬಿ ಮನೆಯವರು ಎಚ್ಚರದಪ್ಪುವರು. ಚೀಟಿಯ ಮೇಲಿನ ಹೆಸರಾದರೋ ಬಹುಮಟ್ಟಿಗೆ ಇಂಗ್ಲಿಷಿನದು. ಮಂಗರಾಜನು ಆರು ಶತಮಾನಗಳ ಹಿಂದೆ ಕನ್ನಡದಲ್ಲಿ ಹೇಳಿದ ಬಗೆಯ ತಿಳಿವು ಈ ಡಬ್ಬಿಯೊಡನೆ ಮನೆಗೆ ಬಂದಿಲ್ಲ.

5. ಎಚ್ಚರದ ಮಾತುಗಳು

ಮೊದಲನೆಯದು, ಕಾವಲು. ಬ್ರಿಟನ್ನಿನಲ್ಲಿ 1970ರ ದಶಕದ ಹೊತ್ತಿಗೆ ಈ ಗುಳಿಗೆಗಳು ಎಳೆಯ ಮಕ್ಕಳನ್ನು ಬಲಿಗೊಂಡ ವಿಷಗಳಲ್ಲಿ ಮುಖ್ಯವಾದುವಾಗಿದ್ದುವು. ಬಣ್ಣದ ಲೇಪವುಳ್ಳ ಗುಳಿಗೆಯು ಮಗುವಿಗೆ ಮಿಠಾಯಿಯಂತೆ ಕಾಣುವುದು. ದೊಡ್ಡವರಿಗೆ ಅಲ್ಪವಾದುದು ಕೂಸಿಗೆ ಮಿತಿಮೀರಿದುದಾಗುವುದು. ಆದುದರಿಂದ ಇವನ್ನು ಬೀಗವುಳ್ಳ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಖಿನ್ನತೆಯುಳ್ಳವರ ಮನೆಯಲ್ಲಿ ಪೆಟ್ಟಿಗೆಯ ಕೀಲಿಯು ನೆಚ್ಚಿನ ಬಂಧುವಿನ ಕೈಯಲ್ಲಿದ್ದು, ದಿನದ ಗುಳಿಗೆಯನ್ನು ದಿನವೇ ಕೊಡುವುದು ಲೇಸು. ಇದು ಅಪನಂಬಿಕೆಯಲ್ಲ, ಅಕ್ಕರೆ. ಕಷ್ಟದ ಗಳಿಗೆಯು ಬಂದಂತೆ ಹೋಗುವುದೂ ಉಂಟು. ಆ ಗಳಿಗೆಯಲ್ಲಿ ಕೈಗೆಟುಕುವಂತೆ ವಿಷವಿರದಿದ್ದರೆ ಎಷ್ಟೋ ಜೀವಗಳು ಉಳಿಯುವುವು.

ಎರಡನೆಯದು, ಮಿತಸಂಗ್ರಹ. ಒಮ್ಮೆಗೆ ಸ್ವಲ್ಪ ದಿನಗಳಿಗೆ ಸಾಲುವಷ್ಟನ್ನೇ ಕೊಡಬೇಕೆಂದು ವೈದ್ಯರನ್ನು ಕೇಳಿಕೊಳ್ಳಬಹುದು. ಬ್ರಿಟನ್ನು 1998ರಲ್ಲಿ ಪ್ಯಾರಾಸಿಟಮಾಲ್ ಪೊಟ್ಟಣಗಳ ಗಾತ್ರವನ್ನು ಕಿರಿದುಮಾಡಿದ ಮೇಲೆ ಆ ಮದ್ದಿನಿಂದಾಗುವ ಸಾವುಗಳು ಇಳಿದುದು ಇದಕ್ಕೆ ನಿದರ್ಶನ. ನಮ್ಮಲ್ಲಿಯೂ ಇವು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳು. ಉಳಿದ ಹಳೆಯ ಗುಳಿಗೆಗಳನ್ನು ಮನೆಯಲ್ಲಿ ಕೂಡಿಡಲಾಗದು, ನೆರೆಯವರಿಗೆ ಕೊಡಲಾಗದು.

ಮೂರನೆಯದು, ಸೇವನೆಯ ನಿಯಮ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದು. ಮದ್ಯದೊಡನೆ ಕೂಡದು. ಹೃದ್ರೋಗ, ಕಣ್ಣಿನ ಒತ್ತಡ, ಮೂತ್ರದ ತಡೆ, ಹಿಂದೆ ಸೆಳವು ಬಂದುದು, ಇವನ್ನೂ ಬೇರೆ ಔಷಧಗಳನ್ನೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಇದನ್ನು ಓದಿ ಹೆದರಿ ತಟ್ಟನೆ ಗುಳಿಗೆ ಬಿಡುವುದೂ ತಪ್ಪು. ಬಿಡುವುದಾದರೆ ವೈದ್ಯರ ಮಾತಿನಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಮಿತಿಯಲ್ಲಿ ಇದು ಹಿತವಾದ ಮದ್ದು.

ನಾಲ್ಕನೆಯದು, ವೇಗ. ಹೆಚ್ಚಾಗಿ ನುಂಗಿದ ಸಂದೇಹ ಬಂದರೂ ಸಾಕು, 108ಕ್ಕೆ ಕರೆಮಾಡಿ ಕೂಡಲೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ‘ಎಚ್ಚರವಾಗಿದ್ದಾನೆ, ಮಾತನಾಡುತ್ತಾನೆ’ ಎಂದು ಕಾಯುತ್ತ ಕೂಡಲಾಗದು; ಒಂದೆರಡು ಗಂಟೆಗಳಲ್ಲಿಯೇ ಸ್ಥಿತಿಯು ಹಠಾತ್ತಾಗಿ ಕುಸಿಯಬಲ್ಲುದು. ಉಪ್ಪುನೀರು, ಸಾಬೂನಿನ ನೀರು ಕುಡಿಸಿ ವಾಂತಿ ಮಾಡಿಸಬಾರದು. ಸೆಳವು ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುವುದು. ಗುಳಿಗೆಯ ಖಾಲಿ ಹಾಳೆಯನ್ನೂ ಚೀಟಿಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ದೊಡ್ಡ ಸಹಾಯವಾಗುವುದು.

6. ಅಭಯ

ಇಷ್ಟೆಲ್ಲ ತಿಳಿದವರೂ ಆಸ್ಪತ್ರೆಗೆ ಹೋಗಲು ಹಿಂಜರಿಯುವುದುಂಟು. ಪೋಲೀಸರ ಭಯ, ಊರವರ ಬಾಯಿಯ ಭಯ. ಮೊದಲನೆಯ ಭಯಕ್ಕೆ ಈಗ ಹೆಚ್ಚು ಆಧಾರವಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆಯು ಆತ್ಮಹತ್ಯೆಗೆ ಯತ್ನಿಸಿದವನನ್ನು ತೀವ್ರ ಸಂಕಟಕ್ಕೆ ಸಿಕ್ಕವನೆಂದು ಭಾವಿಸಿ, ಅವನಿಗೆ ಆರೈಕೆ ಕೊಡುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿತು. ಅಂಥವನನ್ನು ದಂಡಿಸುತ್ತಿದ್ದ ಹಳೆಯ 309ನೆಯ ಕಲಮು 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಇಲ್ಲ. ಮನಸ್ಸು ಕುಸಿದವರು ಹಗಲಿರುಳೆನ್ನದೆ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಟೆಲಿ ಮಾನಸ್ ಸೇವೆಯು 2022ರಲ್ಲಿ ಆರಂಭವಾಯಿತು, ಇದರ ಶಿಖರಸಂಸ್ಥೆ ನಿಮ್ಹಾನ್ಸ್. ಎರಡನೆಯ ಭಯವನ್ನು ಯಾವ ಕಾಯಿದೆಯೂ ಕಳೆಯಲಾರದು. ಅದನ್ನು ಕಳೆಯಬೇಕಾದವರು ನೆರೆಹೊರೆಯವರು.

ಲೊಕ್ಕಿಗುಂಡಿಯ ಟಂಕಸಾಲೆಯು ಎಂದೋ ಮುಚ್ಚಿಹೋಯಿತು, ಬ್ರಹ್ಮಜಿನಾಲಯವು ಉಳಿದಿದೆ. ಭೈಷಜ್ಯದಾನವನ್ನು ಈಗ ಸರಕಾರದ ಆಸ್ಪತ್ರೆಗಳು ಮಾಡುತ್ತಿರುವುವು. ಅದರೊಡನೆ ನಡೆಯಬೇಕಾದ ಶಾಸ್ತ್ರದಾನವೂ ಅಭಯದಾನವೂ ಹೊನ್ನನ್ನು ಬೇಡುವುದಿಲ್ಲ. ಓದುಬಲ್ಲವನು ತನ್ನ ಮನೆಯ ಹಿರಿಯರಿಗೆ ಗುಳಿಗೆಯ ಹೆಸರನ್ನೂ ಮಿತಿಯನ್ನೂ ಕನ್ನಡದಲ್ಲಿ ತಿಳಿಯಹೇಳಿ, ಡಬ್ಬಿಯನ್ನು ಭದ್ರವಾದ ಎಡೆಯಲ್ಲಿ ಎತ್ತಿಟ್ಟರೆ ಅವನ ಪಾಲಿನ ದಾನವು ಸಂದಂತಾಗುವುದು.